ಸೆಳೆವ ಮಲಗುವ ಹುಲ್ಲು

ದೀಪಾವಳಿ ಕಳೆದು ಮೂರನೇ ದಿನಕ್ಕೆ ನಮ್ಮ ಬೀದಿಗೆ ಜೆಸಿಬಿ ಬಂತು. ಬೆಂಗಳೂರಿನ ಸುಬ್ರಹ್ಮಣ್ಯಪುರದ ಈ ಅಡ್ಡರಸ್ತೆಯಲ್ಲಿ ಈಗ ಉಳಿದಿರುವುದು ಎರಡೇ ಖಾಲಿ ಸೈಟು. ಮೂಲೆಯದರಲ್ಲಿ ಮಳೆಗಾಲವೆಲ್ಲ ಬೆಳೆದ ಹುಲ್ಲು ಎದೆಮಟ್ಟಕ್ಕೆ ಬಂದು, ತೆನೆ ಬಿಟ್ಟು, ಆಗಷ್ಟೇ ಹಳದಿಗೆ ತಿರುಗುತ್ತಿತ್ತು. ಮುಕ್ಕಾಲು ಗಂಟೆಯಲ್ಲಿ ಎಲ್ಲ ಎತ್ತಿ ಆಚೆ ಹಾಕಿದರು. ಕೆಂಪು ನೆಲ, ಅದರ ಮೇಲೆ ಚೈನಿನ ಗುರುತು, ಎರಡು ಒಡೆದ ಕಮೋಡು, ಹೂತುಹೋಗಿದ್ದ ಒಂದು ಗಣಪತಿ ಪೀಠ. ಸೈಟಿನ ಯಜಮಾನರು ಕೊಡೆ ಹಿಡಿದು ನಿಂತಿದ್ದರು. ಯಾಕೆ ಸಾರ್ ಈಗಲೇ ಎಂದೆ. ‘ಹಾವು ಬರ್ತಾವೆ ಸ್ವಾಮಿ. ಜನ ಕಸ ತಂದು ಸುರೀತಾರೆ. ಪಾಲಿಕೆಯವರು ನೋಟಿಸ್ ಕೊಟ್ರೆ ನಾನೇ ತಾನೆ ದಂಡ ಕಟ್ಟಬೇಕು?’ ಎಂದರು. ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ.

ಆ ಸೈಟಿನ ಪಕ್ಕದ ಕೇಬಲ್ ಕಂಬದ ಮೇಲೆ ಮೂರು ಚಳಿಗಾಲದಿಂದ ಒಂದು ಕಂದು ಕಳಿಂಗ ಬಂದು ಕೂರುತ್ತಿತ್ತು. ಗುಬ್ಬಿಗಿಂತ ಸ್ವಲ್ಪ ದೊಡ್ಡದು, ಕಣ್ಣಿಗೆ ಕಳ್ಳನ ಹಾಗೆ ಕರಿ ಪಟ್ಟಿ, ಗಿಡುಗದ ಹಾಗೆ ಕೊಕ್ಕೆಯಾದ ಕೊಕ್ಕು. ಹುಲ್ಲಿನೊಳಗೆ ಮಿಡತೆ ಅಲುಗಾಡಿದರೆ ಎರಗಿ ಹಿಡಿದು ಮತ್ತೆ ಅದೇ ಕಂಬಕ್ಕೆ ಮರಳುತ್ತಿತ್ತು. ಅದು ಬೇಸಿಗೆ ಕಳೆಯುವುದು ಸೈಬೀರಿಯ, ಮಂಗೋಲಿಯದ ಕಡೆ. ಅಷ್ಟು ದೂರದಿಂದ ಹಾರಿ ಬಂದು ಹೋದ ವರ್ಷದ ಅದೇ ಕಂಬವನ್ನು ಹುಡುಕಿ ಕೂರುವ ಜಾಣತನ ಅದಕ್ಕಿದೆ. ಜೆಸಿಬಿ ಬಂದ ಮಾರನೆಯ ದಿನವೂ ಕಂಬದ ಮೇಲಿತ್ತು, ಕೆಳಗೆ ನೋಡುತ್ತಿತ್ತು. ನಾಲ್ಕನೆಯ ದಿನ ಇರಲಿಲ್ಲ.

ಒಂದು ಸೈಟಿನ ಹುಲ್ಲಿಗೆ ಇಷ್ಟು ರಾಮಾಯಣವೇ ಎನ್ನಬಹುದು. ಆದರೆ ಈ ಮೂಲೆ ಸೈಟಿನಲ್ಲಿ ನಡೆದದ್ದೇ ಕರ್ನಾಟಕದ ಗೋಮಾಳ, ಕಾವಲು, ಬೀಳುಗಳಲ್ಲಿ ಐವತ್ತು ವರ್ಷದಿಂದ ದೊಡ್ಡ ಅಳತೆಯಲ್ಲಿ ನಡೆಯುತ್ತಿದೆ. ಚಳಿಗಾಲದ ಹಕ್ಕಿ ಎಂದರೆ ನಮಗೆ ಕೆರೆ ನೆನಪಾಗುತ್ತದೆ, ಬಾತುಕೋಳಿ ನೆನಪಾಗುತ್ತದೆ. ನೀರಿಗೆ ಬರುವಂತೆ ಹುಲ್ಲಿಗೂ ಅತಿಥಿಗಳು ಬರುತ್ತಾರೆ ಎನ್ನುವುದು ಮರೆತೇ ಹೋಗಿದೆ.

ಉತ್ತರಹಳ್ಳಿ ಹೋಬಳಿಯ ಈ ಭಾಗವೆಲ್ಲ ಒಂದು ಕಾಲಕ್ಕೆ ರಾಗಿಯ ಹೊಲ. ವಸಂತಪುರದ ಗುಡ್ಡದ ಕಡೆ, ಗುಬ್ಬಲಾಳದ ಕಡೆ, ತುರಹಳ್ಳಿಯ ಬಂಡೆಗಳ ಬುಡದವರೆಗೆ ರಾಗಿ, ಹುರುಳಿ, ಅವರೆ. ರಾಗಿ ಹೊಲ ಎಂದರೆ ಬರೀ ರಾಗಿ ಇರುತ್ತಿರಲಿಲ್ಲ. ಇಷ್ಟು ಸಾಲು ರಾಗಿಗೆ ಒಂದು ಅಕ್ಕಡಿ ಸಾಲು. ಅದರಲ್ಲಿ ಅವರೆ, ತೊಗರಿ, ಹುಚ್ಚೆಳ್ಳು, ಸಾಸಿವೆ, ಅಲ್ಲೊಂದು ಇಲ್ಲೊಂದು ಜೋಳ. ಕಾರ್ತಿಕದ ಹೊತ್ತಿಗೆ ರಾಗಿ ಕೊಯ್ದು ಮೆದೆ ಹಾಕಿದರೂ ಅಕ್ಕಡಿ ಸಾಲು ಹೊಲದಲ್ಲೇ ನಿಲ್ಲುತ್ತಿತ್ತು. ಮಂಜು ಬಿದ್ದು ಅವರೆಗೆ ಸೊಗಡು ಏರಬೇಕಲ್ಲ! ಸಂಕ್ರಾಂತಿಯವರೆಗೂ ಹೊಲದ ತುಂಬ ರಾಗಿಯ ಕೂಳೆ, ನಡುನಡುವೆ ಹಸಿರು ಗೆರೆಯ ಹಾಗೆ ಅವರೆ, ತೊಗರಿ. ಉದುರಿದ ಕಾಳು ನೆಲದ ಮೇಲೆ, ಹುಳುಹುಪ್ಪಟೆ ಗಿಡದ ಮೇಲೆ, ಕೂರಲು ತೊಗರಿ ಕಡ್ಡಿ, ಅಡಗಲು ಬದುವಿನ ಹುಲ್ಲು. ಅಕ್ಟೋಬರಿನಲ್ಲಿ ಉತ್ತರದಿಂದ ಬಂದಿಳಿಯುವ ಹಕ್ಕಿಗೆ ಇದಕ್ಕಿಂತ ದೊಡ್ಡ ಛತ್ರ ಇನ್ನೆಲ್ಲಿ?

ಹಳದಿ ಕುಂಡೆಕುಸ್ಕಗಳು ಬರುತ್ತಿದ್ದವು (ಪುಸ್ತಕದಲ್ಲಿ ಇದಕ್ಕೆ ಸಿಪಿಲೆ ಎಂಬ ಮರ್ಯಾದಸ್ಥ ಹೆಸರಿದೆ). ಮೇಯುವ ದನದ ಕಾಲಬುಡದಲ್ಲೇ ಓಡಾಡಿ, ಗೊರಸಿಗೆ ಎದ್ದ ನೊಣ ಹಿಡಿಯುತ್ತಿದ್ದವು. ಚಾಣ ಗಾಳಿಯಲ್ಲಿ ನಿಂತಲ್ಲೇ ನಿಂತು ಇಲಿ ಹುಡುಕುತ್ತಿತ್ತು. ಗುಲಾಬಿ ಕಬ್ಬಕ್ಕಿಗಳ ದಂಡು ಜೋಳಕ್ಕೆ ಬಿದ್ದರೆ ಕವಣೆ ಹಿಡಿದ ಹುಡುಗರಿಗೆ ಕೈತುಂಬ ಕೆಲಸ. ಇದೇ ಕಬ್ಬಕ್ಕಿ ಮಧ್ಯ ಏಷ್ಯಾದ ತನ್ನೂರಿನಲ್ಲಿ ಮಿಡತೆಯ ಹಿಂಡನ್ನು ತಿಂದು ಅಲ್ಲಿನ ರೈತನ ಕಣ್ಣಿಗೆ ದೇವರಾಗಿರುತ್ತದೆ. ಇಲ್ಲಿ ಕಳ್ಳ, ಅಲ್ಲಿ ಕಾವಲುಗಾರ.

ಇವೆಲ್ಲಕ್ಕಿಂತ ಹುಲ್ಲನ್ನು ನಂಬಿ ಬರುವ ಹಕ್ಕಿ ಸೆಳೆವ. ಇಂಗ್ಲಿಷಿನವರು ಹ್ಯಾರಿಯರ್ ಎನ್ನುವ ಹದ್ದಿನ ಜಾತಿಯದು. ಬಿಳಿ ಸೆಳೆವದ ಗಂಡು ಬೂದಿ ಬಳಿದುಕೊಂಡಷ್ಟು ಬೆಳ್ಳಗೆ, ರೆಕ್ಕೆಯ ತುದಿಯಲ್ಲಿ ಕಾಡಿಗೆ ತೀಡಿದಂಥ ಕಪ್ಪು. ಹೆಣ್ಣು ಕಂದು, ಬಾಲದ ಬುಡದಲ್ಲಿ ಒಂದು ಬಿಳಿ ಮಚ್ಚೆ. ಗರುಡನ ಹಾಗೆ ಆಕಾಶದಲ್ಲಿ ಸುತ್ತುವ ಠೇಂಕಾರ ಇದಕ್ಕಿಲ್ಲ. ಹುಲ್ಲಿನ ತಲೆಗೆ ಒಂದಾಳೆತ್ತರದಲ್ಲಿ, ರೆಕ್ಕೆಯನ್ನು ಸ್ವಲ್ಪ ಮೇಲಕ್ಕೆ ಹಿಡಿದು, ಅತ್ತಿತ್ತ ತೂಗುತ್ತ, ಕೂರಿಗೆ ಹೊಡೆಯುವವನ ಹಾಗೆ ಸಾಲು ಹಿಡಿದು ಹೋಗುತ್ತದೆ. ಮುಖ ಗೂಬೆಯಂತೆ ದುಂಡಗೆ. ಕಣ್ಣಿನ ಜೊತೆ ಕಿವಿಯಿಂದಲೂ ಬೇಟೆಯಾಡುವ ಹಕ್ಕಿ, ಹುಲ್ಲೊಳಗಿನ ಇಲಿಯ ಸರಪರ ಸದ್ದಿಗೆ ಗಕ್ಕನೆ ತಿರುಗಿ ಬೀಳುತ್ತದೆ.

ಇದರ ಇನ್ನೊಂದು ವಿಚಿತ್ರವೆಂದರೆ ಮಲಗುವುದು ನೆಲದ ಮೇಲೆ. ಚಳಿಗಾಲದ ಸಂಜೆ ಹೆಸರಘಟ್ಟದ ಹುಲ್ಲುಗಾವಲಿನ ಅಂಚಿನಲ್ಲಿ ನಿಂತರೆ ಕಾಣಬಹುದು. ಸುಬ್ರಹ್ಮಣ್ಯಪುರದಿಂದ ಅಲ್ಲಿಗೆ ಊರಿನ ಈ ತುದಿಯಿಂದ ಆ ತುದಿ. ಟ್ರಾಫಿಕ್ ದಾಟಿ ತಲುಪುವಷ್ಟರಲ್ಲಿ ಅರ್ಧ ಪುಣ್ಯ ಕರಗಿರುತ್ತದೆ. ನಾನು ಹೋದ ಸಂಜೆ ಸೂರ್ಯ ಇಳಿದ ಮೇಲೆ ಒಂದು ಸೆಳೆವ ಬಂತು. ಒಂದೆರಡು ಸುತ್ತು ಹಾಕಿ ಕಾಲು ಇಳಿಬಿಟ್ಟು ಹುಲ್ಲಿನೊಳಗೆ ಮುಳುಗಿತು. ಮತ್ತೊಂದು. ಆಮೇಲೆ ಎರಡು ಒಟ್ಟಿಗೆ. ಯಾವುದೂ ಸದ್ದು ಮಾಡಲಿಲ್ಲ. ಬೇರೆ ಬೇರೆ ಹೊಲಗಳಲ್ಲಿ ದಿನವೆಲ್ಲ ಒಂಟಿಯಾಗಿ ಬೇಟೆಯಾಡುವ ಇವು ರಾತ್ರಿಗೆ ಮಾತ್ರ ಒಂದೇ ಹುಲ್ಲಿಗೆ ಬಂದು ಸೇರುತ್ತವೆ. ಮಲಗಿದ್ದ ಜಾಗವನ್ನು ಬೆಳಿಗ್ಗೆ ನೋಡಿದರೆ ಹುಲ್ಲು ತಟ್ಟೆಯಗಲ ಒತ್ತಿಕೊಂಡಿರುತ್ತದೆ, ಪಕ್ಕದಲ್ಲಿ ಹೆಬ್ಬೆರಳು ಗಾತ್ರದ ಒಂದು ಉಂಡೆ. ಅರಗದ್ದನ್ನೆಲ್ಲ ಹಕ್ಕಿ ಹೀಗೆ ಉಗುಳುತ್ತದೆ. ಬಿಡಿಸಿದರೆ ಮಿಡತೆಯ ಕಾಲು, ಇಲಿಯ ಕೂದಲು, ಯಾವುದೋ ಸಣ್ಣ ಹಕ್ಕಿಯ ಪುಕ್ಕ. ರೈತನ ಶತ್ರುಗಳ ಪಟ್ಟಿಯ ಬಹುಪಾಲು ಆ ಉಂಡೆಯಲ್ಲೇ ಸಿಗುತ್ತದೆ. ಗುಜರಾತಿನ ವೇಲಾವದರ್ ಹುಲ್ಲುಗಾವಲಿನಲ್ಲಿ 1990ರ ದಶಕದಲ್ಲಿ ಒಂದೇ ಕಡೆ ಮಲಗಲು ಬರುವ ಸೆಳೆವಗಳನ್ನು ಸಾವಿರಗಟ್ಟಲೆ ಎಣಿಸಿ ಜಗತ್ತಿನ ದಾಖಲೆ ಎಂದು ಬರೆದಿಟ್ಟಿದ್ದಾರೆ. ಸುತ್ತಲೂ ಹತ್ತಿಯ ಹೊಲ, ನಡುವೆ ಮಲಗಲು ಹುಲ್ಲು. ಹಗಲು ಹೊಲ ಬೇಕು, ರಾತ್ರಿ ಹುಲ್ಲು ಬೇಕು. ಎರಡರಲ್ಲಿ ಒಂದು ತಪ್ಪಿದರೂ ಸೆಳೆವಕ್ಕೆ ಊರು ತಪ್ಪಿದ ಹಾಗೆ.

ಇಲ್ಲಿ ಹೆಸರಘಟ್ಟದ ಕಥೆಯನ್ನು ಸ್ವಲ್ಪ ಹೇಳಬೇಕು. ಬೆಂಗಳೂರಿಗೆ ಕೊಳಾಯಿ ನೀರು ಕೊಡಲೆಂದು 1894ರಲ್ಲಿ ಅರ್ಕಾವತಿಗೆ ಕಟ್ಟಿದ ಕೆರೆ ಅದು. ಅದರ ಸುತ್ತಲಿನ ಬಯಲು ಪಶುಸಂಗೋಪನೆಗೆ ಸಂದಿತು. ಡೆನ್ಮಾರ್ಕ್ ನೆರವಿನ ಜಾನುವಾರು ಯೋಜನೆ ಬಂತು, ಮೇವು ಕೇಂದ್ರ ಬಂತು, ಕೋಳಿ ಸಾಕಣೆ ಸಂಸ್ಥೆ ಬಂತು, ತೋಟಗಾರಿಕೆ ಸಂಶೋಧನಾ ಸಂಸ್ಥೆ ಬಂತು. ಇಷ್ಟೆಲ್ಲ ಬಂದರೂ ಬಯಲು ಬಯಲಾಗಿಯೇ ಉಳಿದದ್ದು ಅದನ್ನು ದನಕ್ಕೆಂದು ಇಟ್ಟಿದ್ದರಿಂದ. ಅಲ್ಲಿ ಹುಲ್ಲು ಕೊಯ್ದರು, ದನ ಮೇಯಿಸಿದರು. ಆದರೆ ಉತ್ತು ಬಿತ್ತಲಿಲ್ಲ, ಲೇಔಟ್ ಮಾಡಲಿಲ್ಲ. ಚಿತ್ರನಗರಿಯ ಕನಸೊಂದು ಬಹುಕಾಲ ಅದರ ಮೇಲೆ ತೂಗುತ್ತಿತ್ತು. ಲೆಸ್ಸರ್ ಫ್ಲೋರಿಕನ್‌ನಂಥ ಅತಿ ಅಪರೂಪದ ಹಕ್ಕಿ ಅಲ್ಲಿ ಕ್ಯಾಮೆರಾಕ್ಕೆ ಸಿಕ್ಕಮೇಲೆ ಪಕ್ಷಿಪ್ರಿಯರ ಹಟ ಬಲವಾಯಿತು. 2021ರ ಜನವರಿಯಲ್ಲಿ ರಾಜ್ಯ ವನ್ಯಜೀವಿ ಮಂಡಳಿ ಸಂರಕ್ಷಣಾ ಮೀಸಲಿನ ಪ್ರಸ್ತಾವವನ್ನು ತಳ್ಳಿಹಾಕಿತು. ವಿಷಯ ಹೈಕೋರ್ಟಿಗೆ ಹೋಯಿತು. 2024ರ ಅಕ್ಟೋಬರಿನಲ್ಲಿ ಅದೇ ಮಂಡಳಿ 5,678 ಎಕರೆಯ ಬೃಹತ್ ಹೆಸರಘಟ್ಟ ಹುಲ್ಲುಗಾವಲು ಸಂರಕ್ಷಣಾ ಮೀಸಲಿಗೆ ಒಪ್ಪಿಗೆ ಕೊಟ್ಟಿತು.

ಒಪ್ಪಿಗೆ ಸಿಕ್ಕಿತೆಂದು ಬೇಲಿ ಹಾಕಿ ಬೀಗ ಜಡಿದರೆ ಹುಲ್ಲುಗಾವಲು ಉಳಿಯುವುದಿಲ್ಲ. ಇದನ್ನು ನಮ್ಮ ಪರಿಸರಪ್ರೇಮಿ ಗೆಳೆಯರಿಗೆ ಹೇಳಿದರೆ ಮುಖ ಸಣ್ಣಗೆ ಮಾಡುತ್ತಾರೆ. ದನ ಮೇಯಿಸುವುದನ್ನು ಪೂರ್ತಿ ನಿಲ್ಲಿಸಿಬಿಟ್ಟರೆ ಹುಲ್ಲು ಮುದಿಯಾಗಿ, ಒಣಗಿ, ಲಾಂಟಾನ ಏರಿ, ಕುರುಚಲು ಕವಿಯುತ್ತದೆ. ದನ ಮಿತಿಮೀರಿದರೆ ನೆಲ ಬೋಳು. ನೆಲಗುಬ್ಬಿಗೆ ಗಿಡ್ಡ ಹುಲ್ಲು ಬೇಕು, ಸೆಳೆವಕ್ಕೆ ಮೊಣಕಾಲಿನಿಂದ ಸೊಂಟದವರೆಗಿನ ಹುಲ್ಲು ಬೇಕು. ಎರಡೂ ಒಂದೇ ಬಯಲಿನಲ್ಲಿ ತೇಪೆ ತೇಪೆಯಾಗಿ ಇರಬೇಕಾದರೆ ಮೇಯಿಸುವವನು ಬೇಕು, ಅವನು ಕಾಲಕಾಲಕ್ಕೆ ಜಾಗ ಬದಲಿಸಬೇಕು.

ಮೈಸೂರು ಸೀಮೆಗೆ ಇದು ಹೊಸ ವಿದ್ಯೆಯೇನಲ್ಲ. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿಯೇ ಟಿಪ್ಪುವಿನ ಕಾಲಕ್ಕೆ ಅಮೃತ ಮಹಲ್ ಆಯಿತು. ಫಿರಂಗಿ ಎಳೆಯುವ ಎತ್ತುಗಳಿಗಾಗಿ ಚಿತ್ರದುರ್ಗ, ಹಾಸನ, ಚಿಕ್ಕಮಗಳೂರು, ತುಮಕೂರಿನ ಉದ್ದಕ್ಕೂ ಕಾವಲುಗಳನ್ನು ಕಾಯ್ದಿಟ್ಟರು. ಅವನ್ನು ವಿಂಗಡಿಸಿದ್ದು ಋತುವಿನ ಮೇಲೆ: ಬೇಸಿಗೆ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು. ಬೇಸಿಗೆಯವು ಕೆರೆಯಂಗಳ, ನೆರಳು ಇರುವ ಕಡೆ. ಮಂದೆ ಒಂದರಿಂದ ಇನ್ನೊಂದಕ್ಕೆ ಸಾಗುತ್ತಿತ್ತು. ಹಾಗಾಗಿ ಪ್ರತಿ ಕಾವಲಿಗೂ ವರ್ಷದಲ್ಲಿ ಕೆಲವು ತಿಂಗಳು ರಜೆ. ಆ ರಜೆಯಲ್ಲಿ ಹುಲ್ಲು ತೆನೆ ಬಿಟ್ಟು ಬೀಜ ಉದುರಿಸಿಕೊಳ್ಳುತ್ತಿತ್ತು. ಸೇನೆಯ ಎತ್ತಿಗೆಂದು ಮಾಡಿದ ಈ ಲೆಕ್ಕಾಚಾರದಲ್ಲಿ ಕಜಕಸ್ತಾನದಿಂದ ಬರುವ ಸೆಳೆವಕ್ಕೂ ಪಾಲು ಸಿಕ್ಕಿತು. ಎಕರೆಗಳ ಲೆಕ್ಕದಲ್ಲಿ ಲಕ್ಷ ಲಕ್ಷ ಇದ್ದ ಕಾವಲು ಇವತ್ತು ಚೂರುಪಾರು ಉಳಿದಿದೆ. ಚಳ್ಳಕೆರೆಯ ಕಾವಲುಗಳಲ್ಲಿ ಸುಮಾರು 10 ಸಾವಿರ ಎಕರೆ ರಕ್ಷಣಾ ಸಂಶೋಧನೆ, ಬಾಹ್ಯಾಕಾಶ, ಅಣುಶಕ್ತಿ ಮತ್ತಿತರ ಸಂಸ್ಥೆಗಳಿಗೆ ಹೋದಾಗ ಕುರಿಗಾಹಿಗಳು ಹಸಿರು ನ್ಯಾಯಮಂಡಳಿಯವರೆಗೆ ಹೋದರು. ಆ ಬಯಲುಗಳಲ್ಲಿ ಒಂದು ಕಾಲಕ್ಕೆ ಎರೆಭೂತ ಎಂಬ ದೊಡ್ಡ ಬಯಲುಹಕ್ಕಿ ಇತ್ತು. ಕಡೂರು ತಾಲ್ಲೂಕಿನ ಬಾಸೂರು ಕಾವಲು 2011ರಲ್ಲಿ ಸಂರಕ್ಷಣಾ ಮೀಸಲಾದದ್ದು, ಮಧುಗಿರಿಯ ಮೈದನಹಳ್ಳಿ ಬಯಲು ಕೃಷ್ಣಮೃಗದ ನೆಪದಲ್ಲಿ 2007ರಲ್ಲೇ ಉಳಿದದ್ದು ಸಮಾಧಾನದ ಸಂಗತಿಗಳು.

ಗೋಮಾಳದ ಕಥೆ ಇನ್ನೂ ಸೊಗಸು. ನಮ್ಮ ಭೂಕಂದಾಯ ನಿಯಮದಲ್ಲಿ ಊರಿನ ಪ್ರತಿ 100 ಜಾನುವಾರಿಗೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ ಗೋಮಾಳ ಬಿಡಬೇಕೆಂದಿದೆ. ಕೇಳಲು ಚೆನ್ನಾಗಿದೆ. ಅದರ ಇನ್ನೊಂದು ಮಗ್ಗುಲು ನೋಡಿ: ದನ ಕಡಿಮೆಯಾದರೆ ಗೋಮಾಳ ‘ಹೆಚ್ಚುವರಿ’ ಆಗುತ್ತದೆ. ಹೆಚ್ಚುವರಿಯಾದದ್ದನ್ನು ಮಂಜೂರು ಮಾಡಬಹುದು. ಸೀಮೆಹಸು ಬಂದು ಕೊಟ್ಟಿಗೆಯಲ್ಲೇ ನಿಂತು ಮೇಯತೊಡಗಿದ ಮೇಲೆ, ನಾಟಿ ದನದ ಮಂದೆ ಕರಗಿದ ಮೇಲೆ, ಎಣಿಸುವಾಗ ದನ ಎಲ್ಲಿ? ಬೆಂಗಳೂರು ಸುತ್ತಲಿನ ಎಷ್ಟೋ ಗೋಮಾಳಗಳು ಹೀಗೆ ತಲೆಯೆಣಿಕೆಯಲ್ಲೇ ಸೋತವು. ಪಹಣಿಯಲ್ಲಿ ‘ಹುಲ್ಲುಬನ್ನಿ ಖರಾಬು’ ಎಂದು ಬರೆದದ್ದಕ್ಕೂ ಅದೇ ಗತಿ. ಖರಾಬು ಎಂದ ಕೂಡಲೇ ಕೆಟ್ಟ ನೆಲ, ಯಾರಿಗೂ ಬೇಡದ ನೆಲ ಎಂದು ಮನಸ್ಸು ತೀರ್ಪು ಕೊಟ್ಟಾಗಿರುತ್ತದೆ. ದೆಹಲಿಯವರು ತಯಾರಿಸುವ ಪಾಳುಭೂಮಿಯ ನಕಾಶೆಯಲ್ಲಿ ಹುಲ್ಲುಗಾವಲೂ ಸೇರಿಕೊಳ್ಳುವುದು ಈ ತೀರ್ಪಿನ ಮುಂದುವರಿಕೆ.

ಪಾಳು ಎಂದ ಮೇಲೆ ಮರ ನೆಡಬೇಕು! 1983ರಲ್ಲಿ ವಿಶ್ವಬ್ಯಾಂಕಿನ ಸಾಲದಲ್ಲಿ ಸಾಮಾಜಿಕ ಅರಣ್ಯ ಯೋಜನೆ ಬಂದಾಗ ಕೋಲಾರ, ಬೆಂಗಳೂರು ಜಿಲ್ಲೆಗಳ ರಾಗಿ ಹೊಲಗಳಲ್ಲೇ ನೀಲಗಿರಿ ಎದ್ದುನಿಂತಿತು. ಆಳು ಸಿಗುವುದಿಲ್ಲ, ಮಳೆ ನಂಬುವಂತಿಲ್ಲ, ನೀಲಗಿರಿಯಾದರೆ ನೆಟ್ಟು ಮರೆತರೂ ಆಯಿತು. ರೈತನ ಲೆಕ್ಕ ತಪ್ಪಲ್ಲ. ಆದರೆ ನೀಲಗಿರಿಯ ಕೆಳಗೆ ಹುಲ್ಲಿಲ್ಲ, ಹುಲ್ಲಿಲ್ಲದೆ ಮಿಡತೆಯಿಲ್ಲ, ಮೇಲೆ ಸೆಳೆವಕ್ಕೆ ತೇಲುವ ಬಯಲಿಲ್ಲ. ರಾಣೆಬೆನ್ನೂರಿನ ಕೃಷ್ಣಮೃಗ ಧಾಮದ ಹುಲ್ಲಿನ ಮೇಲೂ ನೀಲಗಿರಿ ಬೆಳೆಸಿದರು. ಎರೆಭೂತ ಅಲ್ಲಿಂದ ಹೊರಟುಹೋಯಿತು. ನೀಲಗಿರಿ ನೆಡುವುದನ್ನು ಸರ್ಕಾರ ನಿಷೇಧಿಸಿದ್ದು 2017ರಲ್ಲಿ. ನಮ್ಮ ಪಕ್ಕದ ತುರಹಳ್ಳಿಯಲ್ಲಿ ಈಗಲೂ ಬಂಡೆಗಳ ನಡುವೆ ನೀಲಗಿರಿ ಸಾಲು ಕಾಣುತ್ತದೆ. 2021ರಲ್ಲಿ ಅಲ್ಲಿ ವೃಕ್ಷೋದ್ಯಾನದ ಮಾತು ಬಂದಾಗ ಸುತ್ತಲಿನವರು ಗುಡ್ಡದ ತುಂಬ ಸೇರಿ ಬೇಡವೆಂದರು. ವೃಕ್ಷೋದ್ಯಾನ ಬೇಡವೆಂದು ಜನ ಬೀದಿಗಿಳಿಯುವುದು ಬೆಂಗಳೂರಿನಲ್ಲಿ ಅಪರೂಪ, ಅದಕ್ಕೇ ನನಗೆ ಖುಷಿಯಾಗಿತ್ತು.

ಮೇವಿನ ಬೇಸಾಯವೂ ಬದಲಾಗಿದೆ. ಸುಬ್ರಹ್ಮಣ್ಯಪುರ ಕೆರೆಯ ಹಿಂದಿನ ಒಂದು ಕೊಟ್ಟಿಗೆಗೆ ನಾನು ಹಾಲಿಗೆ ಹೋಗುತ್ತೇನೆ. ಕೊಟ್ಟಿಗೆಯ ಗೌಡರ ಬಳಿ ಒಂಬತ್ತು ಹಸು. ಖಾಲಿ ಸೈಟುಗಳಲ್ಲಿ ಹುಲ್ಲು ಕೊಯ್ದು ತರುತ್ತಿದ್ದವರು ಈಗ ಕನಕಪುರ ರಸ್ತೆಯ ಕಡೆಯಿಂದ ಟೆಂಪೋದಲ್ಲಿ ಸೀಮೆಹುಲ್ಲು ತರಿಸುತ್ತಾರೆ. ‘ಬೋರು ಬಿಟ್ರೆ ನಲವತ್ತು ದಿವಸಕ್ಕೊಂದು ಕೊಯ್ಲು ಸಾ. ವರ್ಸ ಪೂರ್ತಿ ಹಸಿರು’ ಎಂದರು. ಅದೇ ಇಲ್ಲಿರುವ ತೊಡಕು. ಸೀಮೆಹುಲ್ಲು ತೆನೆ ಬಿಡುವ ಮುನ್ನವೇ ಕುಡುಗೋಲಿಗೆ ಹೋಗುತ್ತದೆ, ಬೀಜ ತಿನ್ನುವ ಹಕ್ಕಿಗೆ ಅಲ್ಲಿ ಒಂದು ಕಾಳೂ ಇಲ್ಲ. ನಲವತ್ತು ದಿನಕ್ಕೊಮ್ಮೆ ಬೋಳಾಗುವ ಹಾಸಿಗೆಯಲ್ಲಿ ಸೆಳೆವ ಮಲಗುವುದೂ ಇಲ್ಲ. ಬಯಲಿನ ಕಾಡುಹುಲ್ಲು, ಬಟ್ಟೆಗೆ ಚುಚ್ಚುವ ಊಬಿನ ಹುಲ್ಲು, ನವೆಂಬರಿನಲ್ಲಿ ಒಣಗಿ ಸೆಟೆದು ನಿಂತಾಗ ಅದರಲ್ಲಿ ಹಾಲು ಉತ್ಪಾದಕನಿಗೆ ಏನೂ ಕಾಣುವುದಿಲ್ಲ. ಕೆಲವು ಕಡೆ ಹೊಸ ಚಿಗುರಿಗೆಂದು ಬೆಂಕಿ ಹಾಕುತ್ತಾರೆ. ಬೇಸಿಗೆಯ ಕೊನೆಗೆ, ತುಂಡು ತುಂಡಾಗಿ ಹಾಕಿದರೆ ಹುಲ್ಲು ತಡೆದುಕೊಳ್ಳುತ್ತದೆ. ಡಿಸೆಂಬರ್ ಜನವರಿಯಲ್ಲೇ ಕಡ್ಡಿ ಗೀರಿದರೆ ಹಕ್ಕಿಯ ಮಲಗುವ ಮನೆಗೇ ಬೆಂಕಿ ಇಟ್ಟ ಹಾಗೆ.

ಇನ್ನು ವಿಷ. ದೂರದ ಅರ್ಜೆಂಟೀನದಲ್ಲಿ 1995–96ರ ಸುಮಾರಿಗೆ ನಡೆದ ಘಟನೆ ಇಲ್ಲಿ ನೆನಪಿಡಬೇಕಾದ್ದು. ಕುದುರೆ ಮಸಾಲೆ ಸೊಪ್ಪು, ಸೂರ್ಯಕಾಂತಿ ಹೊಲಗಳಲ್ಲಿ ಮಿಡತೆ ಕೊಲ್ಲಲು ಮಾನೋಕ್ರೊಟೊಫಾಸ್ ಹೊಡೆದರು. ಉತ್ತರ ಅಮೆರಿಕದಿಂದ ಮಿಡತೆ ತಿನ್ನಲೆಂದೇ ಬಂದಿದ್ದ ಸ್ವೇನ್‌ಸನ್ ಗಿಡುಗಗಳು ಮರದ ಕೆಳಗೆ ರಾಶಿ ರಾಶಿಯಾಗಿ ಸತ್ತು ಬಿದ್ದವು, ಸಾವಿರಗಟ್ಟಲೆ. ಅದೇ ವಿಷವನ್ನು ನಮ್ಮಲ್ಲಿ ತರಕಾರಿಗೆ ಬಳಸಬಾರದೆಂದು 2005ರಲ್ಲಿ ನಿಷೇಧಿಸಿದರು. ತರಕಾರಿಗೆ ಬೇಡ, ಉಳಿದದ್ದಕ್ಕೆ ಆದೀತು ಎನ್ನುವುದು ಆಗಿನ ವಿವೇಕ! ಮಿಡತೆಗೆ ಹೊಲದ ಬದು ಗೊತ್ತೇ?

ಹಾಗೆಂದು ಬೇಸಾಯವೇ ಹಕ್ಕಿಯ ವೈರಿ ಎನ್ನುವವರ ಗುಂಪಿಗೆ ನಾನು ಸೇರುವುದಿಲ್ಲ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಹಗಲು ಕೆರೆಯಲ್ಲಿದ್ದು, ಕತ್ತಲಲ್ಲಿ ಸುತ್ತಲಿನ ಶೇಂಗಾ, ಕಡಲೆ ಹೊಲಗಳಿಗೆ ಹೋಗಿ ಮೇಯುತ್ತವೆ. ಕೆರೆಗೆ 2024ರ ಜನವರಿಯಲ್ಲಿ ರಾಮ್ಸಾರ್ ಪಟ್ಟ ಬಂತು. ಹಕ್ಕಿಯ ಹೊಟ್ಟೆ ತುಂಬಿಸುವ ಹೊಲಗಳಿಗೆ ಯಾವ ಪಟ್ಟವೂ ಇಲ್ಲ. ನೆದರ್‌ಲ್ಯಾಂಡ್ಸಿನ ಗ್ರೋನಿಂಗನ್ ಪ್ರಾಂತ್ಯದ್ದು ಇನ್ನೂ ಸ್ವಾರಸ್ಯ. ಧಾನ್ಯ ಹೆಚ್ಚಾಗಿ ಬೆಲೆ ಬೀಳುತ್ತದೆಂದು 1990ರ ಆಸುಪಾಸಿನಲ್ಲಿ ಯುರೋಪಿನ ಸರ್ಕಾರಗಳು ಹೊಲದ ಒಂದು ಭಾಗವನ್ನು ಬೀಳು ಬಿಡಲು ರೈತರಿಗೆ ದುಡ್ಡು ಕೊಟ್ಟವು. ಬೀಳಿನಲ್ಲಿ ಇಲಿ ಹೆಚ್ಚಿದವು, ಇಲಿಯ ಹಿಂದೆ ಹೆಚ್ಚುಕಡಿಮೆ ಕಣ್ಮರೆಯಾಗಿದ್ದ ಮಾಂಟೆಗೂ ಸೆಳೆವ ಮರಳಿ ಬಂತು. ಗೋಧಿ ನಡುವೆ ನೆಲದ ಮೇಲೆ ಗೂಡು ಮಾಡುವ ಹಕ್ಕಿ ಅದು. ಕೊಯ್ಲಿನ ಯಂತ್ರ ಬರುವ ಮುನ್ನ ಕಾರ್ಯಕರ್ತರು ಗೂಡು ಹುಡುಕುತ್ತಾರೆ, ರೈತರು ಅದರ ಸುತ್ತ ಒಂದಷ್ಟು ಜಾಗ ಕೊಯ್ಯದೆ ಬಿಡುತ್ತಾರೆ. ಕಜಕಸ್ತಾನದಲ್ಲಿ ಸೋವಿಯತ್ ನಾಯಕ ಕ್ರುಶ್ಚೇವ್ 1954ರಿಂದ ಅಪಾರ ಹುಲ್ಲುಗಾವಲನ್ನು ಉಳಿಸದೆ ಉತ್ತು ಗೋಧಿ ಹಾಕಿಸಿದ. ಸೋವಿಯತ್ ಒಕ್ಕೂಟ ಒಡೆದ ಮೇಲೆ ಅದರಲ್ಲಿ ಬಹಳಷ್ಟು ಬೀಳು ಬಿದ್ದು ಮತ್ತೆ ಹುಲ್ಲಾಯಿತು. ಸೆಳೆವದ ತವರಿನ ಹಣೆಬರಹವನ್ನೂ ನೇಗಿಲೇ ಬರೆಯುತ್ತದೆ.

ನಮ್ಮ ಮಳೆಯಾಶ್ರಯದ ರೈತ ಅಕ್ಕಡಿ ಸಾಲಿನ ಜೊತೆ ಒಂದು ತುಂಡು ಬೀಳು, ಬದುವಿನ ಮೇಲೆ ಒಂದು ಮಾರು ಹುಲ್ಲು ಬಿಟ್ಟರೆ ಅವನಿಗೂ ಯುರೋಪಿನವನಂತೆ ನಾಲ್ಕು ಕಾಸು ಸಿಗುವಂತಾಗಬೇಕು. ಬೀಳಿಗೆ ಬೆಲೆ ಇಲ್ಲದ ಕಡೆ ಬೀಳು ಉಳಿಯುವುದಿಲ್ಲ. ಸಿರಿಧಾನ್ಯದ ಹೆಸರಿನಲ್ಲಿ ಇಷ್ಟು ಜಾತ್ರೆ ಮಾಡುವ ಸರ್ಕಾರ ಇದನ್ನೂ ಆ ಖಾತೆಗೇ ಸೇರಿಸಬಹುದು.

ಸುಬ್ರಹ್ಮಣ್ಯಪುರದಲ್ಲಿ ಇನ್ನು ರಾಗಿ ಬೆಳೆಯುವುದಿಲ್ಲ, ಸೆಳೆವವೂ ಇಲ್ಲಿಗೆ ಬರುವುದಿಲ್ಲ, ಅದು ಮುಗಿದ ಮಾತು. ಆದರೆ ಕಳಿಂಗ ಬರುತ್ತದೆ, ಕುಂಡೆಕುಸ್ಕ ಬರುತ್ತದೆ. ಬನಶಂಕರಿ ಆರನೇ ಹಂತದ ಖಾಲಿ ಸಾಲುಗಳಲ್ಲಿ, ನಮ್ಮಂಥ ಬೀದಿಗಳ ಮೂಲೆ ಸೈಟುಗಳಲ್ಲಿ ಇನ್ನೂ ಹುಲ್ಲಿದೆ. ಸೈಟು ಶುಚಿ ಮಾಡಿಸಲೇಬೇಕು, ಒಪ್ಪಿದೆ. ಕಸ ಎತ್ತಿಸಿ, ದಾರಿಯ ಅಂಚಿನಲ್ಲಿ ಎರಡು ಮಾರು ಸವರಿಸಿ, ಹಾವಿನ ಭಯ ತಗ್ಗುತ್ತದೆ. ಉಳಿದ ಹುಲ್ಲಿಗೆ ಜೆಸಿಬಿ ಕರೆಯುವುದಾದರೆ ಯುಗಾದಿ ಕಳೆದ ಮೇಲೆ ಕರೆಯಿರಿ. ಅಷ್ಟು ಹೊತ್ತಿಗೆ ಅತಿಥಿಗಳು ಉತ್ತರದ ದಾರಿ ಹಿಡಿದಿರುತ್ತಾರೆ. ಬಾಡಿಗೆಯೂ ಗಂಟೆಗೆ ಅಷ್ಟೇ.